ಬಲ್ಬು ಬದಲಿಸುವ ಮೊದಲು ಗಾಜು ನೋಡಿ

ಹೋದ ಮೇ ತಿಂಗಳು ಊರಿಗೆ ಬಂದಾಗ ಭಾವನ ಕಾರಿನಲ್ಲಿ ಶೃಂಗೇರಿಗೆ ಹೋಗಿದ್ದೆವು. ವಾಪಸ್ ಬರುವಾಗ ಕತ್ತಲಾಯಿತು. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ದೀಪ ಉರಿಯುತ್ತಿತ್ತು, ರಸ್ತೆ ಮಾತ್ರ ಕಾಣುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ, ಮಕ್ಕಳು. ಸೋಮೇಶ್ವರಕ್ಕೆ ಬಂದ ಮೇಲೆ ಗಾಡಿ ನಿಲ್ಲಿಸಿ ಇಳಿದು ನೋಡಿದೆ. ಎರಡೂ ಹೆಡ್‌ಲೈಟ್ ಹಳದಿಗಟ್ಟಿ, ಮೇಲೆ ಮಂಜು ಕೂತ ಹಾಗೆ ಮಸುಕಾಗಿದ್ದವು.

"ಹೌದು ಮಾರಾಯ, ಲೈಟು ಡಲ್ ಉಂಟು. ಬರುವ ವಾರ ಎಲ್‌ಇಡಿ ಹಾಕಿಸ್ತೇನೆ" ಅಂದರು ಭಾವ.

"ಬಲ್ಬು ಸರಿಯೇ ಉಂಟು ಭಾವ. ಗಾಜು ಹೋಗಿದೆ" ಅಂದೆ.

ಗಾಜು ಅನ್ನುವುದು ರೂಢಿಯ ಮಾತು, ಅಷ್ಟೇ. ಅಂಬಾಸಿಡರ್, ಪದ್ಮಿನಿ ಕಾಲದ ದುಂಡು ದೀಪಕ್ಕೆ ನಿಜವಾದ ಗಾಜು ಇತ್ತು. ಕಲ್ಲು ತಾಗಿದರೆ ಒಡೆಯುತ್ತಿತ್ತು, ಆದರೆ ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬನೇಟ್ ಅನ್ನುವ ಪ್ಲಾಸ್ಟಿಕ್. ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಅದರ ಮೈ ಮೆತ್ತಗೆ. ಬಿಸಿಲನ್ನೂ ಗೀರನ್ನೂ ತಡೆಯಲಿ ಅಂತ ಕಂಪನಿಯಲ್ಲೇ ಮೇಲೊಂದು ತೆಳು ಲೇಪ ಕೊಡುತ್ತಾರೆ. ಕೆಲವು ವರ್ಷದಲ್ಲಿ ಆ ಲೇಪ ಸವೆಯುತ್ತದೆ. ಆಮೇಲೆ ಬಿಸಿಲಿನ ನೇರಳಾತೀತ ಕಿರಣ ನೇರ ಪ್ಲಾಸ್ಟಿಕ್ಕಿಗೇ ಬಡಿಯುತ್ತದೆ. ಭಾವನ ಮನೆಯ ಶೆಡ್ಡು ಪಡುವಣಕ್ಕೆ ಮುಖ ಮಾಡಿದೆ. ಕಾರಿನ ಮೂತಿ ಒಂದಡಿ ಹೊರಗೇ ಇರುತ್ತದೆ. ಹನ್ನೆರಡು ವರ್ಷ, ದಿನಾ ಸಂಜೆಯ ಬಿಸಿಲು ಬಿದ್ದಿದೆ. ಇನ್ನೇನಾಗುತ್ತದೆ?

ನಾನು ಶಾರ್ಜಾದಲ್ಲಿ 14 ವರ್ಷದಿಂದ ಇದ್ದೇನೆ. ಇಲ್ಲಿ ಹೊಸ ಕಾರಿಗೆ ಮೊದಲ ಮೂರು ವರ್ಷ ತಪಾಸಣೆ ಇಲ್ಲ. ಆಮೇಲೆ ವರ್ಷಕ್ಕೊಮ್ಮೆ ಪಾಸಿಂಗ್. ಅದಾಗದಿದ್ದರೆ ಮುಲ್ಕಿಯಾ, ಅಂದರೆ ಗಾಡಿಯ ನೋಂದಣಿ ಕಾರ್ಡು, ಹೊಸದಾಗುವುದಿಲ್ಲ, ಗಾಡಿ ರಸ್ತೆಗೆ ಇಳಿಸುವ ಹಾಗಿಲ್ಲ. ಟೈರು, ಬ್ರೇಕಿನ ಜೊತೆ ದೀಪವನ್ನೂ ನೋಡುತ್ತಾರೆ. ಊರಿನಲ್ಲಿ ಸ್ವಂತ ಕಾರಿಗೆ ನೋಂದಣಿ 15 ವರ್ಷ. ನಡುವೆ ಹೊಗೆ ತಪಾಸಣೆ ಬಿಟ್ಟರೆ ದೀಪ ಹೇಗಿದೆ ಅಂತ ಕೇಳುವವರೇ ಇಲ್ಲ. ಈ ಒಂದು ವಿಷಯದಲ್ಲಿ ಇಲ್ಲಿನ ಪದ್ಧತಿಯೇ ಒಳ್ಳೆಯದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ದೀಪ ಮಸುಕಾಗುವುದು ದಿನಕ್ಕೆ ಒಂದು ಕೂದಲೆಳೆಯಷ್ಟು. ಓಡಿಸುವವನ ಕಣ್ಣು ಅದಕ್ಕೇ ಒಗ್ಗಿಹೋಗುತ್ತದೆ. ಹೊರಗಿನವರು ಯಾರಾದರೂ ನೋಡಿ ಹೇಳಬೇಕು.

ಆದರೆ ಪಾಸಿಂಗ್ ಇದೆ ಅಂದ ಮಾತ್ರಕ್ಕೆ ಇಲ್ಲಿ ಎಲ್ಲ ಸರಿ ಅಂತಲ್ಲ. ತಪಾಸಣೆಗೆ ಮೊದಲು ಒಂದು ಗ್ಯಾರೇಜಿಗೆ ಹೋಗಿ 50 ದಿರ್ಹಮ್ ಕೊಡುತ್ತಿದ್ದೆ. ಕಾಲು ಗಂಟೆಯಲ್ಲಿ ಮೆಷಿನ್ ಹಾಕಿ ಉಜ್ಜಿ, ಮೇಣ ಸವರಿ ಫಳಫಳ ಮಾಡಿಕೊಡುತ್ತಿದ್ದರು. ಪಾಸಿಂಗ್ ಆಗುತ್ತಿತ್ತು. ಮೂರು ತಿಂಗಳಲ್ಲಿ ಮತ್ತೆ ಹಳದಿ, ಮೊದಲಿಗಿಂತ ಜಾಸ್ತಿ. ಹೀಗೆ ಮೂರು ವರ್ಷ ನಡೆಯಿತು.

ಕೊನೆಗೆ ಕಾರಣ ಹೇಳಿದ್ದು ಇಂಡಸ್ಟ್ರಿಯಲ್ ಏರಿಯಾದಲ್ಲಿ ಪೇಂಟಿಂಗ್ ಮಾಡುವ ಪೇಶಾವರದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. "ಚರ್ಮ ಸುಲಿದು ಬಿಸಿಲಿಗೆ ನಿಲ್ಲಿಸಿದರೆ ಏನಾಗುತ್ತದೆ ಹೇಳು?" ಅಂತ ಕೇಳಿದರು. ಅಷ್ಟರಲ್ಲೇ ನನಗೆ ಎಲ್ಲ ತಿಳಿಯಿತು. ಉಜ್ಜುವಾಗ ಅಳಿದುಳಿದ ಲೇಪವೂ ಹೋಗುತ್ತದೆ. ಬದಲಿಗೆ ಹೊಸ ಲೇಪ ಕೊಡದಿದ್ದರೆ ಹೊಳಪೆಲ್ಲ ನಾಲ್ಕು ದಿನದ್ದು. ಊರಿನಲ್ಲಿ ಟೂತ್‌ಪೇಸ್ಟ್ ಹಚ್ಚಿ ತಿಕ್ಕುತ್ತಾರಲ್ಲ, ಅದೂ ಇದೇ ಕಥೆ. ಪೇಸ್ಟಿನಲ್ಲಿ ನಯವಾದ ಪುಡಿ ಇರುವುದರಿಂದ ಮೇಲಿನ ಮಸುಕು ಸ್ವಲ್ಪ ಹೋಗುವುದು ನಿಜ, ಆದರೆ ಬಿಸಿಲು ತಡೆಯುವಂಥದ್ದು ಅದರಲ್ಲಿ ಏನೂ ಇಲ್ಲ.

ಚಾಚಾ ಕಲಿಸಿದ ಹಾಗೆಯೇ ಭಾವನ ಕಾರಿಗೆ ಮಾಡಿದೆವು. ಮಳೆ ಹಿಡಿಯುವ ಮೊದಲೇ ಮುಗಿಸಬೇಕಿತ್ತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಲೇಪ ಹಾಲಿನ ಹಾಗೆ ಬೆಳ್ಳಗಾಗಿಬಿಡುತ್ತದೆ.

ಮೊದಲು ಶಾಂಪೂ ನೀರಲ್ಲಿ ತೊಳೆದೆವು. ದೀಪದ ಸುತ್ತ ಬಣ್ಣಕ್ಕೆ ಗೀರು ಬೀಳದ ಹಾಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಅಂಟಿಸಿದೆವು. ನಂತರ ವಾಟರ್ ಪೇಪರ್, ಅಂದರೆ ನೀರು ಹಾಕಿ ತಿಕ್ಕುವ ಉಪ್ಪು ಕಾಗದ. ನಂಬರ್ ದೊಡ್ಡದಾದಷ್ಟೂ ಕಾಗದ ನಯ. ಹತ್ತು ನಿಮಿಷ ನೀರಲ್ಲಿ ನೆನೆಸಿಟ್ಟು, ಮೊದಲು 800 ನಂಬರಿನದು. ನೀರು ಬಿಡುತ್ತಾ ಅಡ್ಡಕ್ಕೆ ತಿಕ್ಕಿದಾಗ ಹಳದಿ ನೀರು ಇಳಿಯುತ್ತದೆ. ಅದು ಪೂರ್ತಿ ಬಿಳಿಯಾಗುವ ತನಕ ನಿಲ್ಲಿಸಬಾರದು. ಹಳೆಯ ಲೇಪ ಅಲ್ಲಲ್ಲಿ ಉಳಿದರೆ ಆಮೇಲೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಆಮೇಲೆ 1000, 1500, 2000, ಕೊನೆಗೆ 3000. ಪ್ರತಿ ಸಲ ದಿಕ್ಕು ಬದಲಿಸಬೇಕು, ಒಂದು ಅಡ್ಡ, ಮುಂದಿನದು ಉದ್ದ. ಆಗ ಹಿಂದಿನ ಪೇಪರಿನ ಗೆರೆ ಹೋಯಿತೋ ಇಲ್ಲವೋ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಒಂದು ನಂಬರ್ ಹಾರಿಸಿದರೂ ಗೆರೆ ಉಳಿದು ರಾತ್ರಿ ಬೆಳಕನ್ನು ಚದುರಿಸುತ್ತದೆ. 800 ಹಾಕಿದ ಮೇಲೆ ದೀಪ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಅಕ್ಕ ಬಂದು ನೋಡಿ ಗಾಬರಿಯಾದಳು. ಗಾಬರಿ ಬೇಡ, ಅದು ಹಾಗೆಯೇ.

ಆಮೇಲೆ ರಬ್ಬಿಂಗ್ ಕಾಂಪೌಂಡ್ ಅನ್ನುವ ಪಾಲಿಶ್ ಪೇಸ್ಟ್ ಹಚ್ಚಿ ಬಟ್ಟೆಯಲ್ಲಿ ಉಜ್ಜಿದೆವು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಜಿಡ್ಡು ತೆಗೆದೆವು. ಕೊನೆಗೆ ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟ್ ಅನ್ನುವ ಬಣ್ಣವಿಲ್ಲದ ಲೇಪ ಸ್ಪ್ರೇ ಮಾಡಿದೆವು, ಗಟ್ಟಿಯಾಗಿಸುವ ಹಾರ್ಡನರ್ ಸೇರಿರುವ ಟೂ-ಕೆ ಅನ್ನುವ ಬಗೆ. ಇದರ ಹೊಗೆ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಸುಮ್ನೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಪೇಂಟರುಗಳು ಹಾಕುವ ಮಾಸ್ಕ್ ಬೇಕೇ ಬೇಕು, ಬಯಲಲ್ಲೇ ಹೊಡೆಯಬೇಕು, ಮಕ್ಕಳನ್ನು ದೂರ ಇಡಬೇಕು. ಇಷ್ಟೆಲ್ಲ ಆಗದವರು ಬಟ್ಟೆಯಲ್ಲಿ ಒರೆಸುವ ಯುವಿ (ನೇರಳಾತೀತ ಕಿರಣ ತಡೆಯುವ) ಲೇಪ ತರಲಿ. ಬಾಳಿಕೆ ಕಡಿಮೆ, ಆದರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಎರಡು ದೀಪಕ್ಕೆ ಅರ್ಧ ದಿನ ಹಿಡಿಯಿತು. ಒಂದು ಮಾತು ಹೇಳಬೇಕು. ಕರಾವಳಿಯ ಮಳೆಯಲ್ಲಿ ಎಷ್ಟೋ ಕಾರುಗಳ ದೀಪದೊಳಗೆ ತೇವ ಹೊಕ್ಕು ಒಳಗಿನಿಂದ ಮಸುಕಾಗುತ್ತದೆ. ಪ್ಲಾಸ್ಟಿಕ್ಕಿನ ಆಳದಲ್ಲಿ ಸಣ್ಣ ಬಿರುಕುಗಳೂ ಬರುತ್ತವೆ. ಇವೆರಡಕ್ಕೂ ಹೊರಗಿನಿಂದ ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ.

ಈಗ ಎಲ್‌ಇಡಿ ವಿಷಯ. ನನಗೆ ಊರಿನ ರಸ್ತೆಯಲ್ಲಿ ನಿಜಕ್ಕೂ ಭಯ ಹುಟ್ಟಿಸುವುದು ಇದೇ. ಅಮೆರಿಕದ ವಾಹನ ಸವಾರರ ಸಂಘ ಎಎಎ 2018ರಲ್ಲಿ ಅಳೆದು ನೋಡಿತ್ತು. ಹಾಳಾದ ಹೆಡ್‌ಲೈಟು ಲೋ ಬೀಮ್‌ನಲ್ಲಿ (ದೀಪ ತಗ್ಗಿಸಿದಾಗ) ಹೊಸದರ ಶೇ. 22ರಷ್ಟು ಬೆಳಕನ್ನು ಮಾತ್ರ ಕೊಟ್ಟಿತು. ತಿಕ್ಕಿ ಸರಿಮಾಡಿದಾಗ ಸುಮಾರು ಶೇ. 70ಕ್ಕೆ ಏರಿತು. ಅಂದರೆ ಬೆಳಕು ಬಲ್ಬಿನಲ್ಲಿ ಇದೆ, ಮಸುಕಿನಲ್ಲಿ ಸಿಕ್ಕಿಹಾಕಿಕೊಂಡಿದೆ. ಅದೇ ಮಸುಕಿನ ಹಿಂದೆ ನಾಲ್ಕು ಪಟ್ಟು ಜೋರಿನ ಬಿಳಿ ಬಲ್ಬು ಕೂರಿಸಿದರೆ ಬೆಳಕು ರಸ್ತೆಗೆ ಬೀಳುವ ಬದಲು ನಾಲ್ಕೂ ಕಡೆ ಚದುರುತ್ತದೆ. ಎದುರು ಬರುವವನ ಕಣ್ಣಿಗೆ ಕುಕ್ಕುತ್ತದೆ. ಅವನು ಬೈಕಿನಲ್ಲಿದ್ದರೆ, ಹೆದ್ದಾರಿ 66ರ ಅಂಚಿನಲ್ಲಿ ಯಾರೋ ನಡೆದು ಹೋಗುತ್ತಿದ್ದರೆ? 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಇಂಥ ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕತೊಡಗಿದಾಗ ನನಗೆ ತುಂಬಾ ಸಮಾಧಾನವಾಗಿತ್ತು. ಅದರ ಜೊತೆಗೆ ಮಸುಕಾದ ದೀಪವನ್ನೂ ನಿಲ್ಲಿಸಿ ನೋಡುವಂತಾಗಬೇಕು. ಎಲ್‌ಇಡಿ ಹಾಕಿಸಿಕೊಂಡವರಲ್ಲಿ ಎಷ್ಟೋ ಜನ ಶೋಕಿಗೆ ಹಾಕಿದವರಲ್ಲ. ಭಾವನ ಹಾಗೆ, ರಸ್ತೆ ಕಾಣದೆ ಹಾಕಿಸಹೊರಟವರು.

ಮಾರನೆಯ ದಿನ ರಾತ್ರಿ ಹೆಬ್ರಿ ಕಡೆಗೆ ಸುಮ್ನೆ ಒಂದು ಸುತ್ತು ಹೋಗಿ ಬಂದೆವು. ಅದೇ ಹಳೆಯ ಬಲ್ಬು. ಲೋ ಬೀಮ್‌ನಲ್ಲೇ ರಸ್ತೆಯಂಚಿನ ಬಿಳಿ ಗೆರೆ ದೂರದವರೆಗೆ ಕಾಣುತ್ತಿತ್ತು. ಭಾವ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಶೆಡ್ಡಿನ ಮಾಡನ್ನು ಎರಡಡಿ ಮುಂದೆ ಚಾಚಿಸಬೇಕು" ಅಂದರು. ಹೋದ ವಾರ ಫೋಟೋ ಕಳಿಸಿದ್ದಾರೆ. ತಗಡು ಹಾಕಿಸಿಯಾಗಿದೆ.