ಕಲ್ಲಿನ ಬೆಳೆಗೆ ನೆಟೆ ರೋಗವಿಲ್ಲ

ಕಲಬುರಗಿಯನ್ನು ತೊಗರಿಯ ಕಣಜವೆಂದು ಕರೆಯುವುದು ವಾಡಿಕೆ. ಇಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಆದರೆ ತೊಗರಿ ನಂಬಿಕೆಗೆ ಯೋಗ್ಯವಾದ ಬೆಳೆಯಲ್ಲ. ಮಳೆ ಹೆಚ್ಚಾದ ವರ್ಷ ಗಿಡವನ್ನು ಬಾಡಿಸುವ ನೆಟೆ ರೋಗ ಬರುತ್ತದೆ, ಮಳೆ ಕಡಿಮೆಯಾದ ವರ್ಷ ಗಿಡ ಹೂವಿನಲ್ಲೇ ಒಣಗುತ್ತದೆ, ಮಳೆಯೂ ಬೆಳೆಯೂ ಸರಿಯಾಗಿ ಬಂದ ವರ್ಷ ದರ ಬೀಳುತ್ತದೆ. ಇವು ಯಾವುವೂ ಬಾಧಿಸದ, ಬರಗಾಲದಲ್ಲಿಯೂ ಸಮೃದ್ಧವಾಗಿ ಬರುವ ಬೆಳೆ ನಮ್ಮ ಭಾಗದ ಜಿಲ್ಲೆಗಳಲ್ಲಿ ಒಂದೇ ಇದೆ, ಅದು ಅಡಿಗಲ್ಲು. ಕೃಷಿ ಇಲಾಖೆಯ ಬಿತ್ತನೆ ವರದಿಯಲ್ಲಿ ಅದರ ಉಲ್ಲೇಖವಿಲ್ಲದಿರುವುದು ಒಂದು ದೊಡ್ಡ ಲೋಪವೆಂದೇ ನಾನು ಭಾವಿಸುತ್ತೇನೆ.

ಈ ಬೆಳೆಗೂ ಹಂಗಾಮುಗಳಿವೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಆಸುಪಾಸಿನದು ಮುಂಗಾರು. ಚುನಾವಣೆಯ ನೀತಿ ಸಂಹಿತೆ ಜಾರಿಯಾಗುವ ಹಿಂದಿನ ಹದಿನೈದು ದಿನಗಳದು ಹಿಂಗಾರು. ಹಿಂಗಾರಿನ ಬಿತ್ತನೆಯ ಭರಾಟೆಯನ್ನು ನೋಡಿದವರೇ ಬಲ್ಲರು. ಒಂದೇ ದಿನ ಬೆಳಿಗ್ಗೆ ಸೇಡಂನಲ್ಲಿ, ಮಧ್ಯಾಹ್ನ ಚಿತ್ತಾಪುರದಲ್ಲಿ, ಸಂಜೆ ಜೇವರ್ಗಿಯಲ್ಲಿ ಗುದ್ದಲಿ ಪೂಜೆ ನಡೆಯುತ್ತದೆ; ರೇಷ್ಮೆ ರಿಬ್ಬನ್ನು ಕಟ್ಟಿದ ಅದೇ ಗುದ್ದಲಿ ಕಾರಿನ ಡಿಕ್ಕಿಯಲ್ಲಿ ಊರಿಂದೂರಿಗೆ ಸಂಚರಿಸುತ್ತದೆ. ಮಣ್ಣಿಗಿಂತ ಹೆಚ್ಚು ಕುಂಕುಮವನ್ನೇ ಕಂಡ ಆ ಗುದ್ದಲಿಯ ಬಾಯಿ ಇಂದಿಗೂ ಹೊಸದರಂತೆ ಹೊಳೆಯುತ್ತಿರುತ್ತದೆ. ನೀತಿ ಸಂಹಿತೆ ಬಂದೊಡನೆ ಕಲ್ಲುಗಳ ಮುಖಕ್ಕೆ ಹಳೆಯ ದಿನಪತ್ರಿಕೆ ಅಂಟಿಸಿ ಹೆಸರುಗಳನ್ನು ಮುಚ್ಚುತ್ತಾರೆ. ಓದಲು ಏನಾದರೂ ಸಿಗುವುದು ಆಗಲೇ.

ಕಲ್ಲಿನ ವಿಷಯದಲ್ಲಿ ನಾವು ಬಡವರಲ್ಲ. ಶಹಾಬಾದಿನ ಫರಸಿ ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದೆ. ಆದರೆ ಅದು ಜನ ಕಾಲಿಡುವ ಕಲ್ಲು. ಗಣ್ಯರ ಹೆಸರು ಹೊರುವ ಭಾಗ್ಯ ಅದಕ್ಕಿಲ್ಲ. ಅದಕ್ಕಾಗಿ ಕನ್ನಡಿಯಂತೆ ಮಿನುಗುವ ಕರಿ ಗ್ರಾನೈಟ್ ಹೊರಗಿನಿಂದ ಬರಬೇಕು, ಅಕ್ಷರಗಳಿಗೆ ಬಂಗಾರದ ಬಣ್ಣ ತುಂಬಬೇಕು. ಮೇಲ್ಭಾಗದಲ್ಲಿ ಅಮೃತ ಹಸ್ತದವರು, ಕೆಳಗೆ ಘನ ಉಪಸ್ಥಿತಿಯವರು, ಅಧ್ಯಕ್ಷತೆಯವರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ತುದಿಯಲ್ಲಿ ಇರುವೆಯ ಗಾತ್ರದ ಅಕ್ಷರಗಳಲ್ಲಿ ಕಾಮಗಾರಿಯ ಹೆಸರು. ಯಾರ ಹೆಸರು ಯಾರ ಹೆಸರಿಗಿಂತ ಅರ್ಧ ಅಂಗುಲ ಮೇಲಿರಬೇಕೆಂಬುದನ್ನು ಶಿಷ್ಟಾಚಾರದ ಸುತ್ತೋಲೆ ನೋಡಿ ತೀರ್ಮಾನಿಸಲಾಗುತ್ತದೆ. ತಪ್ಪಿದರೆ ಹಕ್ಕುಚ್ಯುತಿಯ ಮಾತು ಕೇಳಿಬರುತ್ತದೆ. ಕಾಮಗಾರಿ ಮುಗಿಯುವ ದಿನಾಂಕವನ್ನು ಕೆತ್ತಿದ ಒಂದೇ ಒಂದು ಕಲ್ಲನ್ನು ನಾನು ನೋಡಿಲ್ಲ. ಅದರ ಬಗ್ಗೆ ಹಕ್ಕುಚ್ಯುತಿ ಮಂಡಿಸಿದವರನ್ನೂ ನೋಡಿಲ್ಲ.

ಇತ್ತೀಚೆಗಂತೂ ಕಲ್ಲು ಜಾಗಕ್ಕೆ ಹೋಗುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ. ನಗರದ ಮೈದಾನದಲ್ಲಿ ವೇದಿಕೆಯ ಪಕ್ಕ ಇಡೀ ಜಿಲ್ಲೆಯ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ, ಮದುವೆ ಮಂಟಪದಲ್ಲಿ ಸಾಮೂಹಿಕ ವಿವಾಹದ ಜೋಡಿಗಳು ನಿಂತಂತೆ. ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲ ಪರದೆಗಳೂ ಒಟ್ಟಿಗೆ ಸರಿಯುತ್ತವೆ, ಅಫಜಲಪುರದ ಸೇತುವೆ, ಆಳಂದದ ವಸತಿನಿಲಯ, ಚಿಂಚೋಳಿಯ ಕೆರೆ ಎಲ್ಲವೂ ಶಾಮಿಯಾನದ ನೆರಳಿನಲ್ಲಿಯೇ ಆರಂಭವಾಗುತ್ತವೆ. ಅವುಗಳಲ್ಲಿ ಕೆಲವು ಅಲ್ಲಿಯೇ ಮುಕ್ತಾಯವೂ ಆಗುತ್ತವೆ.

ನಮ್ಮ ಕೆಲಸಗಳು ಪೂರ್ತಿಯಾಗುವುದೇ ಇಲ್ಲವೆಂದು ಆರೋಪಿಸುವುದು ಅನ್ಯಾಯವಾದೀತು. ಬೀದರ್–ಕಲಬುರಗಿ ರೈಲು ಮಾರ್ಗಕ್ಕೆ 1997–98ರಲ್ಲಿ ಮಂಜೂರಾತಿ ದೊರೆತು, 2017ರ ಅಕ್ಟೋಬರ್ 29ರಂದು ಪ್ರಧಾನಿಯವರು ಬೀದರಿನಲ್ಲಿ ಹಸಿರು ನಿಶಾನೆ ತೋರಿಸಿಯೇ ಬಿಟ್ಟರು. ಸುಮಾರು 110 ಕಿಲೋಮೀಟರಿಗೆ 20 ವರ್ಷ, ಅಂದರೆ ದಿನಕ್ಕೆ 15 ಮೀಟರ್. ಬಸವನಹುಳು ಬೆಳಗಿನ ಹೊತ್ತಿನಲ್ಲಿ ಮುಗಿಸಿಬಿಡಬಹುದಾದ ದೂರವಿದು. ಬಸವಣ್ಣನ ಕಾರ್ಯಭೂಮಿಯಲ್ಲಿ ಆ ಹುಳುವನ್ನು ಮೀರಿಸುವ ಅವಿನಯಕ್ಕೆ ಇಲಾಖೆ ಮನಸ್ಸು ಮಾಡಿರಲಾರದು. ಕಲಬುರಗಿ ವಿಮಾನ ನಿಲ್ದಾಣಕ್ಕೆ 2008ರಲ್ಲಿ ಅಡಿಗಲ್ಲು ಇಟ್ಟ ಯಡಿಯೂರಪ್ಪನವರೇ 2019ರ ನವೆಂಬರ್ 22ರಂದು ಅದನ್ನು ಉದ್ಘಾಟಿಸಿದರು. ನಡುವೆ ಅವರು ಮುಖ್ಯಮಂತ್ರಿ ಸ್ಥಾನದಿಂದ ಇಳಿದರು, ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಕಲ್ಲು ಮಾತ್ರ ಕಾಯುತ್ತಾ ಕುಳಿತಿತ್ತು. ಇನ್ನು 2014ರ ಹೊತ್ತಿಗೆ ಘೋಷಣೆಯಾದ ಕಲಬುರಗಿ ರೈಲ್ವೆ ವಿಭಾಗದ ವಿಷಯ. ಅದು ಬರುವತನಕ ಏನೂ ಕೊರತೆಯಾಗದಿರಲೆಂದು ಕಲಬುರಗಿಯನ್ನು ಸೊಲ್ಲಾಪುರ ವಿಭಾಗ ನೋಡಿಕೊಳ್ಳುತ್ತದೆ, ಬೀದರನ್ನು ಸಿಕಂದರಾಬಾದ್ ವಿಭಾಗ. ಅಣ್ಣತಮ್ಮಂದಿರನ್ನು ಒಬ್ಬೊಬ್ಬ ಸೋದರಮಾವನ ಮನೆಯಲ್ಲಿ ಬಿಟ್ಟಂತೆ.

ಹಿಂದುಳಿದಿರುವಿಕೆಯನ್ನು ಅಳೆಯುವ ವಿಷಯದಲ್ಲಿ ಮಾತ್ರ ಯಾರೂ ನಮ್ಮನ್ನು ಕಡೆಗಣಿಸಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಂತೆ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪೈಕಿ 21 ಆಗಿನ ಗುಲ್ಬರ್ಗ ವಿಭಾಗದವು. ಆಮೇಲೆ ಸಂವಿಧಾನಕ್ಕೆ ತಿದ್ದುಪಡಿಯಾಗಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ಬಂತು, ಅಭಿವೃದ್ಧಿ ಮಂಡಳಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಈಗ ಮತ್ತೆ ಗೋವಿಂದರಾವ್ ಸಮಿತಿ ಅಳತೆಯ ಪಟ್ಟಿ ಹಿಡಿಯಿತು. ಇಷ್ಟು ಸಲ ಅಳೆಸಿಕೊಂಡವರಿಗೆ ಇಷ್ಟರಲ್ಲಿ ಒಂದು ಅಂಗಿಯಾದರೂ ಹೊಲಿಸಿ ಕೊಡಬೇಕಾಗಿತ್ತು.

ನಮ್ಮ ಬಡಾವಣೆಯ ಕಲ್ಲಿನ ಕಥೆಯನ್ನು ಹೇಳದಿದ್ದರೆ ಈ ಬರಹಕ್ಕೆ ಪ್ರಾಮಾಣಿಕತೆ ಬರದು. ಉದ್ಯಾನಕ್ಕೆಂದು ಬಿಟ್ಟ ಖಾಲಿ ಜಾಗದಲ್ಲಿ ಸಾರ್ವಜನಿಕ ವಾಚನಾಲಯಕ್ಕೆ ಕೆಲವು ವರ್ಷಗಳ ಹಿಂದೆ ಅಡಿಗಲ್ಲು ಬಿತ್ತು. ನಾನೂ ಆ ದಿನ ಚಪ್ಪಾಳೆ ತಟ್ಟಿ, ಉಪ್ಪಿಟ್ಟು ತಿಂದು ಬಂದವನೇ. ಕಲ್ಲಿನ ಆಸರೆಯ ಇಟ್ಟಿಗೆ ಎರಡು ಮಳೆಗೆ ಕರಗಿ, ಕಲ್ಲು ಅಂಗಾತ ಬಿದ್ದಾಗ ಸಂಬಂಧಪಟ್ಟ ಕಚೇರಿಗೆ ಹೋಗಿ ವಿಚಾರಿಸಿದೆ. ಬೇಸಿಗೆಯಾದ್ದರಿಂದ ನಮ್ಮ ಕಡೆಯ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ, ಅಷ್ಟರಲ್ಲಿಯೇ ಗುಮಾಸ್ತರು ಕಡತ ಹುಡುಕಿ ತೆಗೆದರು, ಅವರ ಸೌಜನ್ಯವನ್ನು ಮರೆಯಲಾರೆ.

"ಸರ, ಇದು ಮುಗದದ ನೋಡ್ರಿ," ಎಂದರು.

"ಏನು ಮುಗಿದಿದೆ? ಅಲ್ಲಿ ಗೋಡೆಯೇ ಇಲ್ಲವಲ್ಲ."

"ಗ್ವಾಡಿದು ಬ್ಯಾರೆ ಫೈಲ್ ರೀ. ಇದು ಶಂಕುಸ್ಥಾಪನಾದು. ಕಲ್ಲು, ಶಾಮಿಯಾನ, ಉಪ್ಪಿಟ್ಟು, ಎಲ್ಲಾ ಬಿಲ್ ಪಾಸ್ ಆಗ್ಯಾವ. ಭೌತಿಕ ಪ್ರಗತಿ ನೂರಕ್ಕ ನೂರು ಅದ."

ಗೋಡೆಯ ಕಡತ ಎಲ್ಲಿದೆಯೆಂದು ಕೇಳಿದೆ. ಅದನ್ನು ಇನ್ನೂ ತೆರೆದಿಲ್ಲವೆಂದೂ, ತೆರೆಯದ ಕಡತ ಬಾಕಿಯ ಪಟ್ಟಿಗೆ ಬರುವುದಿಲ್ಲವೆಂದೂ ಅವರು ತಾಳ್ಮೆಯಿಂದ ವಿವರಿಸಿದರು. ನಾನು ತಿಂದ ಉಪ್ಪಿಟ್ಟು ಒಂದು ಪೂರ್ಣಗೊಂಡ ಸರ್ಕಾರಿ ಕಾಮಗಾರಿಯ ಭಾಗವೆಂಬುದು ಆಗಲೇ ನನಗೆ ಹೊಳೆದದ್ದು.

ಕಲ್ಲಿನ ಮೇಲೆ ಬರೆಯಿಸುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಭೀಮಾ ತೀರದ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠಕ್ಕೆ ಬಳಸಿದ್ದ ಚಪ್ಪಡಿಯೇ ಅಶೋಕನ ಶಾಸನವೆಂದು ಗೊತ್ತಾಯಿತು. ಅಧಿಕಾರಿಗಳು ಕೋಪ, ಆತುರ, ಸೋಮಾರಿತನಗಳನ್ನು ಬಿಟ್ಟು ಪ್ರಜೆಗಳನ್ನು ನ್ಯಾಯವಾಗಿ ನೋಡಿಕೊಳ್ಳಬೇಕೆಂದು ಅದರಲ್ಲಿ ಬರೆದಿದೆ. ಅಂಥ ಕಲ್ಲನ್ನೇ ಪೀಠವಾಗಿಸಿ ಮುಚ್ಚಿಟ್ಟವರ ಜಾಣತನವನ್ನು ಮೆಚ್ಚಬೇಕು. ಪಕ್ಕದ ಕನಗನಹಳ್ಳಿಯಲ್ಲಿ ಸಿಕ್ಕಿದ ಶಿಲ್ಪದ ಮೇಲೆ ಅವನ ಹೆಸರೂ ಇದೆ, 'ರಾಯ ಅಸೋಕೋ' ಎಂದು ಎರಡೇ ಪದ. ಘನ ಉಪಸ್ಥಿತಿಯಿಲ್ಲ, ಅಧ್ಯಕ್ಷತೆಯಿಲ್ಲ. ಇಂದಾಗಿದ್ದರೆ ಸ್ಥಳೀಯ ಪ್ರತಿನಿಧಿಗಳನ್ನು ಕಡೆಗಣಿಸಿದ್ದಕ್ಕಾಗಿ ಆ ಸಾಮ್ರಾಟ ಕ್ಷಮೆ ಕೇಳಬೇಕಾಗಿತ್ತು.

ನಮ್ಮ ದಾನಶಾಸನಗಳ ಕೊನೆಗೆ ಶಾಪಾಶಯವೆಂಬ ಭಾಗವೊಂದು ಇರುತ್ತಿತ್ತು. ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವನೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿರುತ್ತಿದ್ದರು. ಟೆಂಡರಿನ ದಂಡದ ಷರತ್ತಿಗಿಂತ ಇದು ಎಷ್ಟೋ ಪರಿಣಾಮಕಾರಿಯಾಗಿರಬೇಕು, ಏಕೆಂದರೆ ಅವಧಿ ವಿಸ್ತರಣೆಗೆ ಅಲ್ಲಿ ಅವಕಾಶವಿಲ್ಲ. ಅಡಿಗಲ್ಲುಗಳ ತುದಿಯಲ್ಲಿಯೂ ಇಂಥ ಎರಡು ಸಾಲುಗಳನ್ನು ಕೆತ್ತಿಸುವಂತೆ ಮಂಡಳಿಗೆ ಮನವಿ ಕಳಿಸಬೇಕೆಂದು ಯೋಚಿಸಿದ್ದೆ. ಆದರೆ ನಮ್ಮ ಬಡಾವಣೆಯ ತೆರೆದ ಗಟಾರದಲ್ಲಿ ಈಗಾಗಲೇ ಇರುವ ಹುಳುಗಳ ಸಂಖ್ಯೆಯನ್ನು ನೋಡಿ, ಅವುಗಳ ಹಿಂದಿನ ಜನ್ಮದ ಹುದ್ದೆಗಳನ್ನು ಊಹಿಸಿಕೊಂಡು, ಸುಮ್ಮನಾದೆ.

ಅಂಗಾತ ಬಿದ್ದ ಆ ಕಲ್ಲು ವ್ಯರ್ಥವಾಗಿದೆಯೆಂದು ಯಾರೂ ಭಾವಿಸಬಾರದು. ಎದುರು ಮನೆಯ ಕಾಕಿ ಏಪ್ರಿಲ್ ಬಂತೆಂದರೆ ಅದನ್ನು ತೊಳೆದು, ಅಮೃತ ಹಸ್ತದಿಂದ ಹಿಡಿದು ವಿಶೇಷ ಆಹ್ವಾನಿತರವರೆಗೆ ಎಲ್ಲರ ಮೇಲೂ ಸಂಡಿಗೆ ಇಡುತ್ತಾರೆ. "ಕರೀ ಕಲ್ಲು ಛಲೋ ಕಾಯ್ತದ ತಮ್ಮಾ, ಸಂಜೀಕ ಒಣಗಿ ಬಿಡ್ತಾವ" ಎಂದು ಅವರೇ ನನಗೆ ಹೇಳಿದ್ದಾರೆ. ಆ ಯೋಜನೆಯ ಅಧಿಕೃತ ಫಲಾನುಭವಿಗಳ ಪಟ್ಟಿ ಮಾಡಿದರೆ ಮೊದಲ ಹೆಸರೂ ಕೊನೆಯ ಹೆಸರೂ ಅವರದೇ.

ಕಳೆದ ವಾರ ಮನೆಮನೆಗೂ ಆಹ್ವಾನ ಪತ್ರಿಕೆ ಬಂತು: 'ವಾಚನಾಲಯವನ್ನು ಮೇಲ್ದರ್ಜೆಗೇರಿಸುವ ಕಾಮಗಾರಿಯ ಶಂಕುಸ್ಥಾಪನೆ'. ಇಲ್ಲದ ಕಟ್ಟಡಕ್ಕೆ ಮೇಲ್ದರ್ಜೆ ಹೇಗೆಂದು ನಾನು ಕಾಕಿಯ ಮುಂದೆ ತರ್ಕಿಸತೊಡಗಿದೆ. ಅವರು ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಅದರಲ್ಲಿದ್ದ ಹೆಸರುಗಳನ್ನು ಬೆರಳಿನಿಂದ ಎಣಿಸಿ ಕೇಳಿದರು:

"ಹೆಸರು ಈ ಸಲ ಭಾಳ ಅವ ಅಲ್ಲೇನು? ಅಂದ್ರ ಕಲ್ಲೂ ದೊಡ್ಡದೇ ಬರ್ತದ. ಶಾವಿಗಿನೂ ಅಲ್ಲೇ ಹಾಕ್ಲಕ ಬರ್ತದ ಬಿಡು."