ಸತ್ಯಾಂಶ: ಶುಕ್ರವಾರ ಮೀನು ತಿನ್ನಲೇಬೇಕಾ?

ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸದ ದಿನಗಳು) ಬಂದರೆ ಈ ಮೆಸೇಜ್ ತಪ್ಪದೆ ಬರುತ್ತದೆ: ಮೀನು ವ್ಯಾಪಾರ ಉಳಿಸಲು ಯಾವುದೋ ಪೋಪ್ ಶುಕ್ರವಾರ ಮೀನು ತಿನ್ನಬೇಕೆಂಬ ನಿಯಮ ಮಾಡಿದರಂತೆ. ಕಥೆ ಮಜವಾಗಿದೆ, ಆದರೆ ನಿಜವಲ್ಲ.

ಮೀನು ತಿನ್ನಿ ಅಂತ ಕಥೋಲಿಕ ನಿಯಮ ಹೇಳುವುದೇ ಇಲ್ಲ. ಅದು ಹೇಳುವುದು ಮಾಂಸ ಬಿಡಿ ಅಂತ, ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನದ ನೆನಪಿಗೆ. ಶುಕ್ರವಾರದ ಉಪವಾಸ ಕ್ರೈಸ್ತರಲ್ಲಿ ಮೊದಲ ಶತಮಾನಗಳಿಂದಲೇ ಇದೆ. ಮೀನನ್ನು ಮಾಂಸದ ಲೆಕ್ಕಕ್ಕೆ ಹಿಡಿಯಲಿಲ್ಲ, ಹಾಗಾಗಿ ತಟ್ಟೆಗೆ ಬಂತು, ಅಷ್ಟೆ. ಬೇಳೆ, ತರಕಾರಿ, ಮೊಟ್ಟೆ ತಿಂದರೂ ಸರಿಯೇ. ಮಾಂಸ ಬಿಟ್ಟು ದುಬಾರಿ ಸಿಗಡಿ ಕೊಂಡು ಔತಣ ಮಾಡಿದರೆ ನಿಯಮವೇನೋ ಉಳಿಯುತ್ತದೆ, ಆದರೆ ತಪಸ್ಸು ಎಲ್ಲಿ ಉಳಿಯಿತು, ಅಲ್ವಾ?

1563ರಲ್ಲಿ ಇಂಗ್ಲೆಂಡಿನ ಸರ್ಕಾರ ಮೀನುಗಾರಿಕೆಗೆ, ನೌಕಾಬಲಕ್ಕೆ ಅನುಕೂಲವಾಗಲಿ ಅಂತ ಬುಧವಾರವನ್ನೂ ಮೀನಿನ ದಿನ ಮಾಡಿದ್ದುಂಟು. ಆದರೆ ಅದು ಪೋಪ್ ಜೊತೆ ಸಂಬಂಧ ಕಡಿದುಕೊಂಡಿದ್ದ ಸರ್ಕಾರ!

ಇಂಥದ್ದು ಬಂದರೆ ಮೊದಲು ಕೇಳಿ: ಯಾವ ಪೋಪ್, ಯಾವ ವರ್ಷ? ಮೆಸೇಜಿನಲ್ಲಿ ಎರಡೂ ಇರುವುದಿಲ್ಲ. ಆಮೇಲೆ ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ 1250ರಿಂದ 1253ನೇ ಸಂಖ್ಯೆಯವರೆಗಿನ ನಿಯಮ ಓದಿ, ವ್ಯಾಟಿಕನ್ ವೆಬ್‌ಸೈಟಿನಲ್ಲೇ ಇದೆ. ನಾಲ್ಕೇ ಚಿಕ್ಕ ನಿಯಮಗಳು, ಮೀನಿನ ಮಾತೇ ಇಲ್ಲ. ಮಾಂಸ ಬಿಡುವ ಬದಲು ಬೇರೆ ತಪಸ್ಸನ್ನು ಆಯಾ ದೇಶದ ಬಿಷಪರ ಮಂಡಳಿ ಸೂಚಿಸಬಹುದು, ಅದನ್ನು ನಿಮ್ಮ ಚರ್ಚಿನ ಫಾದರ್ ಹತ್ತಿರ ಕೇಳಿದರೆ ಸಾಕು.