20 ನಿಮಿಷದ ಮದ್ದು

ನಮ್ಮ ಲಾರಿಯ ಇಂಜಿನ್ ಬಿಚ್ಚಿದ್ದು ಕೊಡಗಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ, ಕಟ್ಟಿ ಮುಗಿಸಿದ್ದು ಸುಗ್ಗಿಯ ಹಬ್ಬ ಪುತ್ತರಿ ಕಳೆದ ಮೇಲೆ. ಕಕ್ಕಡದಲ್ಲಿ ನಾವು ಮದ್ದುಸೊಪ್ಪಿನ ಪಾಯಸ ತಿಂದೆವು. ಲಾರಿ ಹೊಸ ಪಿಸ್ಟನ್, ರಿಂಗ್, ಲೈನರ್ ತಿಂದಿತು. ಯಾರ ಊಟದ ಬಿಲ್ ಜಾಸ್ತಿ ಬಂತು ಅಂತ ಕೇಳಬೇಡಿ.

ಗ್ಯಾರೇಜಿನಲ್ಲಿ ಕ್ಯಾನಿನಿಂದ ಡೀಸೆಲ್ ಕೊಟ್ಟು ಒಂದು ಗಂಟೆ ಓಡಿಸಿ ತೋರಿಸಿದರು. ಹೊಲಿಗೆ ಮಿಷನ್ ಹಾಗೆ ಓಡಿತು. ಖುಷಿಯಿಂದ ಟ್ಯಾಂಕ್ ಭರ್ತಿ ಮಾಡಿಸಿ, 60 ಚೀಲ ರೊಬಸ್ಟಾ ಕಾಫಿ ಚೆರಿ ತುಂಬಿ, ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಹೊರಟೆವು. ಇಂಜಿನ್ ಚೆನ್ನಾಗಿ ಬಿಸಿಯಾಯಿತು. ಆನೆಕಾಡಿನ ನಡುವೆ ಎರಡು ಸಲ ಕೆಮ್ಮಿ ನಿಂತೇಹೋಯಿತು.

ಆನೆಕಾಡು ಅಂದರೆ ಹೆಸರಿಗಷ್ಟೇ ಆನೆಯಲ್ಲ. ಅಲ್ಲಿ ಕೆಟ್ಟು ನಿಂತವನಿಗೆ ಗಂಟೆಗೆ 61 ನಿಮಿಷ.

ಮೇಸ್ತ್ರಿಗೆ ಫೋನ್ ಮಾಡಿದೆ. "ಡೀಸೆಲ್ ಪಂಪ್ ಸವೆದಿದೆ ಸಾರ್. ಬಿಸಿಗೆ ಡೀಸೆಲ್ ತೆಳ್ಳಗಾಗಿ, ಅದನ್ನು ಒತ್ತುವ ಪ್ಲಂಜರ್ ಪಕ್ಕದಿಂದ ಜಾರುತ್ತೆ, ಪ್ರೆಷರ್ ಬರಲ್ಲ. ಪಂಪಿಗೆ ಒದ್ದೆ ಗೋಣಿ ಹೊದಿಸಿ ನೋಡಿ" ಎಂದರು. ಗೋಣಿ ಇತ್ತು, ನೀರು ಹುಡುಕಬೇಕಾಯಿತು. ತಂದು ಹೊದಿಸಿ ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್! ಮೇಸ್ತ್ರಿಯ ಮೇಲೆ ನನಗೆ ಭಕ್ತಿಯೇ ಹುಟ್ಟಿತು. ಪಂಪ್ ಬಿಚ್ಚಿಸಿ ಪ್ಲಂಜರ್ ಎಲಿಮೆಂಟ್ ಬದಲಿಸಿದೆವು. ಎರಡನೇ ಟ್ರಿಪ್‌ನಲ್ಲಿ ಅದೇ ಕಾಡು, ಅದೇ ಕೆಮ್ಮು.

ಆ ಸಲ ಜೊತೆಗೆ ಮಾವ ಇದ್ದರು. "ಹೊಸ ಇಂಜಿನ್ ಅಲ್ವಾ, ಬಿಸಿಗೆ ಹಿಗ್ಗಿ ಬಿಗಿಯಾಗುತ್ತೆ. ಸುಮ್ನೆ ಬಿಡು, ತಣ್ಣಗಾಗಲಿ" ಎಂದು ಫ್ಲಾಸ್ಕ್ ತೆರೆದರು. ಬಿಗಿಯಾಗಿದ್ದರೆ ಸೆಲ್ಫ್ ಅಷ್ಟು ಸಲೀಸಾಗಿ ಯಾಕೆ ತಿರುಗುತ್ತಿದೆ ಎಂದು ಕೇಳಬೇಕೆಂದುಕೊಂಡೆ. ಮಾವನವರನ್ನು ಹಾಗೆಲ್ಲ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಎರಡೆರಡು ಲೋಟ ಕಾಫಿ ಮುಗಿಯಿತು. ಲಾರಿ ಸ್ಟಾರ್ಟ್. ಮಾವ ಮೀಸೆ ಸವರಿಕೊಂಡರು.

ಮೂರನೇ ಸಲ ಹೆಂಡತಿ ದೃಷ್ಟಿಯಾಗಿದೆ ಎಂದಳು. ನಿಂಬೆಹಣ್ಣು ಅವಳೇ ಕೊಟ್ಟು ಕಳಿಸಿದ್ದಳು. ಲಾರಿ ನಿಂತಾಗ ಆ ಹಣ್ಣು ಕಾಫಿ ಚೀಲಗಳ ನಡುವೆ ಎಲ್ಲೋ ಸೇರಿಕೊಂಡಿತ್ತು. ಹುಡುಕಿ, ಇಳಿಸಿ, ಟೈರಿನ ಕೆಳಗಿಟ್ಟೆ. ಅದೂ ಕೆಲಸ ಮಾಡಿತು!

ಹೀಗೆ ಒಂದು ಕಾಯಿಲೆಗೆ ಮೂರು ಮದ್ದು, ಮೂರೂ ಪಕ್ಕಾ. ಪ್ರತಿ ಮದ್ದಿಗೂ ಹಿಡಿದದ್ದು 20 ನಿಮಿಷ ಎಂಬುದು ಮಾತ್ರ ನನ್ನ ತಲೆಗೆ ಹೋಗಲಿಲ್ಲ. ಇನ್ನೊಂದು ವಿಚಿತ್ರ: ಟ್ಯಾಂಕ್ ತುಂಬಿದ್ದಷ್ಟೂ ಲಾರಿ ಬೇಗ ನಿಲ್ಲುತ್ತಿತ್ತು. ಹೊಟ್ಟೆ ತುಂಬಿದ ಕೂಡಲೇ ಮಲಗುವುದು, ಥೇಟ್ ನನ್ನ ಹಾಗೆ.

ನಾಲ್ಕನೇ ಸಲ ನಿಂತಾಗ ಕತ್ತಲಾಗುತ್ತಿತ್ತು. ಕಾಡಿನೊಳಗೆ ಏನೋ ಲಟಕ್ಕೆಂದಿತು. ಡ್ರೈವರಿಗೆ 20 ನಿಮಿಷದ ವ್ಯವಧಾನ ಇರಲಿಲ್ಲ. ಡೀಸೆಲ್ ಇದೆಯೋ ಇಲ್ಲವೋ ನೋಡೋಣ ಎಂದು ಕೋಲು ಹಿಡಿದು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಅದು ಬಿಡಲೊಲ್ಲದು. ಜೋರಾಗಿ ತಿರುವಿದ. ಉಸ್ಸ್ಸ್ ಎಂದು ಟ್ಯಾಂಕ್ ಗಾಳಿ ಎಳೆದುಕೊಂಡಿತು. ಒಳಗೆ ಹೋಗಿದ್ದ ತಗಡು ಢಬ್ ಎಂದು ಹೊರಗೆ ಬಂತು. ನಾನು ಆನೆಯೆಂದೇ ತಿಳಿದು ಕ್ಯಾಬಿನ್ ಹತ್ತಿದ್ದೆ. ಅವನು ಕೆಳಗಿನಿಂದಲೇ, "ಈಗ ಸೆಲ್ಫ್ ಹೊಡೀರಿ ಸಾವ್ಕಾರ್ರೆ" ಎಂದ. ಗೋಣಿ ಇಲ್ಲ, ಕಾಫಿ ಇಲ್ಲ, ನಿಂಬೆಹಣ್ಣಿಲ್ಲ. ಬಿಸಿ ಇಂಜಿನ್ ಕುದುರೆಯಂತೆ ಎದ್ದಿತು.

ಡೀಸೆಲ್ ಖರ್ಚಾದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಸಣ್ಣ ತೂತು. ತೂತು ಮುಚ್ಚಿದರೆ ಒಳಗೆ ನಿರ್ವಾತ. ಆಮೇಲೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಎಷ್ಟು ಎಳೆದರೂ ಡೀಸೆಲ್ ಬರುವುದಿಲ್ಲ. ಟ್ಯಾಂಕ್ ತುಂಬಿದ್ದರೆ ಒಳಗೆ ಇರುವ ಗಾಳಿಯೇ ಕಮ್ಮಿ, ಅದಕ್ಕೇ ಬೇಗ ನಿಲ್ಲುತ್ತಿತ್ತು. ನಿಲ್ಲಿಸಿಟ್ಟರೆ ಅಲ್ಲಿ ಇಲ್ಲಿ ಸಂದಿಯಿಂದ ಗಾಳಿ ನಿಧಾನಕ್ಕೆ ನುಸುಳುತ್ತದೆ, ಗಾಡಿ ಮತ್ತೆ ಸ್ಟಾರ್ಟ್ ಆಗುತ್ತದೆ. ಬಿಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇಂಜಿನ್ ಬಿಸಿಯಾಗುವುದಕ್ಕೂ ಟ್ಯಾಂಕ್ ಉಸಿರುಗಟ್ಟುವುದಕ್ಕೂ ಹೊತ್ತು ಒಂದೇ ಹಿಡಿಯುತ್ತಿತ್ತು, ಅಷ್ಟೇ.

ಡ್ರೈವರ್ ಮೊಬೈಲ್ ಲೈಟಿನಲ್ಲಿ ಮುಚ್ಚಳವನ್ನು ತಿರುವಿ ತಿರುವಿ ನೋಡಿದ. "ಸಾವ್ಕಾರ್ರೆ, ತೂತಿಗೆ ಯಾರೋ ಎಂಸೀಲ್ ಮೆತ್ತಿದ್ದಾರೆ. ಎಷ್ಟು ನೀಟಾಗಿ ಮೆತ್ತಿದ್ದಾರೆ ನೋಡಿ! ಯಾರ ಕೆಲಸ ಇದು?"

ಕಕ್ಕಡದ ಆ ಮಳೆಯಲ್ಲಿ, ಟ್ಯಾಂಕಿಗೆ ನೀರಿಳಿದು ಡೀಸೆಲ್ ಹಾಳಾಗಬಾರದು ಎಂದು, ಗ್ಯಾರೇಜಿನಲ್ಲಿ ನಿಂತಿದ್ದ ಲಾರಿಯ ಹತ್ತಿರ ಕೊಡೆ ಹಿಡಿದು ಹೋಗಿದ್ದವನು ಒಬ್ಬನೇ.

"ಶ್! ಆನೆ ಇರೋ ಹಾಗಿದೆ. ಬೇಗ ಹತ್ತು" ಎಂದೆ.